ಪಟ್ಟಿಯಲ್ಲಿಲ್ಲದ ಮರ

ಫೆಬ್ರವರಿ 3, ಸೋಮವಾರ

ನಮ್ಮ ಸತ್ತವರ ತಲೆಯ ಬಳಿ ನಿಂತಿರುವ ನಲವತ್ತೊಂದು ತೆಂಗಿನ ಮರಗಳನ್ನು ಕಡಿಯಲು ಪಂಚಾಯಿತಿ ತೀರ್ಮಾನ ಮಾಡಿದೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಬಸ್ ಸ್ಟ್ಯಾಂಡ್ ಗೋಡೆಗೆ ಪ್ರಕಟಣೆ ಅಂಟಿಸಿದ್ದಾರೆ. ಹೊಳೆ ದಂಡೆಯ ಅಭಿವೃದ್ಧಿಯಂತೆ. ಸಿಮೆಂಟಿನ ಕಾಲುದಾರಿ, ಕಲ್ಲುಬೆಂಚು, ದೀಪದ ಕಂಬ. ಈ ಹೊಳೆಯಲ್ಲಿ ವರ್ಷಕ್ಕೆ ಹತ್ತು ದಿನ ನೀರು ಹರಿದರೆ ಹೆಚ್ಚು. ಮಿಕ್ಕ ದಿನವೆಲ್ಲ ಬೆಂಚಿನ ಮೇಲೆ ಕೂತು ಜನ ಏನು ನೋಡಬೇಕು? ಜಾಲಿಗಿಡವನ್ನೇ?

ಅಂಗಡಿಗೆ ಬಂದವಳೇ ಯೋಗೀಶಣ್ಣನಿಗೆ ಹೇಳಿದೆ. ಜೆರಾಕ್ಸ್ ಅಂಗಡಿ ಅವರದು, ನಾನು ಅಲ್ಲಿ ಟೈಪ್ ಮಾಡುವವಳು. "ಉಸಿರು ತಗೋ ಮೋನಿಕಾ. ನಿನಗೆ ಬಿಪಿ ಏರಿದ್ರೆ ತಿಪಟೂರಿಗೇ ಕರ್ಕೊಂಡ್ ಹೋಗ್ಬೇಕು" ಎಂದು ನಕ್ಕರು. ಅವರ ಅಜ್ಜ, ಮುತ್ತಜ್ಜ ಎಲ್ಲ ಅವರದೇ ತೋಟದಲ್ಲಿ ಮಲಗಿದ್ದಾರೆ. ಕಲ್ಲಿನ ಗದ್ದುಗೆ, ಸುತ್ತ ತಂತಿಬೇಲಿ. ಅವರು ಸುಲಭವಾಗಿ ನಗಬಹುದು.

ತೋಟ ಇದ್ದವರು ತೋಟದಲ್ಲಿ ಹೂಳುತ್ತಾರೆ. ತೋಟವಿಲ್ಲದ ನಾವು, ಹುರಿಬೀದಿಯವರು, ಹೊಳೆ ದಂಡೆಯಲ್ಲಿ ಹೂಳುತ್ತೇವೆ. ಕಲ್ಲು ನಿಲ್ಲಿಸುವ ಶಕ್ತಿ ನಮ್ಮ ಹಿರಿಯರಿಗೆ ಇರಲಿಲ್ಲ, ತಲೆಯ ಕಡೆ ಒಂದೊಂದು ತೆಂಗಿನ ಸಸಿ ನೆಟ್ಟರು. ನಮ್ಮಮ್ಮ ಪುಷ್ಪಲತಾ ಅಲ್ಲಿಗೆ ಹೋಗಿ ಹದಿಮೂರು ವರ್ಷವಾಯಿತು.

ಅಪ್ಪ ಗೋವಿಂದಯ್ಯ ತಿಪಟೂರಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದಾಗ ಕೆಟ್ಟುಹೋದ ಕರಪತ್ರಗಳನ್ನು ಒಲೆ ಹೊತ್ತಿಸಲು ಮನೆಗೆ ತರುತ್ತಿದ್ದ. ನಾನು ಅವನ್ನು ಒಲೆಯಿಂದ ಕಸಿದು ಓದಿದೆ. ಕಾಲೇಜು ಕಲಿಸದ್ದನ್ನು ಅವು ಕಲಿಸಿವೆ. ಅನ್ಯಾಯ ಕಂಡವನು ಕಾಯಬಾರದು. ಕಾಯುವವನು ಅನ್ಯಾಯದ ಪಾಲುದಾರ.

ನಾನು ಕಾಯುವುದಿಲ್ಲ.

ಫೆಬ್ರವರಿ 5, ಬುಧವಾರ

ಬೆಳಿಗ್ಗೆ ಚಟ್ನಿಗೆ ಒಡೆದ ಕಾಯಿ ನಿಂಗಮ್ಮನ ಮರದ್ದು. ನಿಂಗಮ್ಮ ಎಂದರೆ ನಮ್ಮ ಎಡಗಡೆ ಮನೆಯ ಮೈಲಾರಿ ಮಾವನ ಹೆಂಡತಿ. ಆಕೆ ಹೋಗಿ ಇಪ್ಪತ್ತು ವರ್ಷ.

ನಮ್ಮ ಬೀದಿಯ ಪದ್ಧತಿ ಇದು: ತಮ್ಮ ಮನೆಯವರ ಮರದ ಕಾಯಿಯನ್ನು ತಾವು ತಿನ್ನುವಂತಿಲ್ಲ, ಮಾರುವಂತಿಲ್ಲ. ಬಲಗಡೆ ಮನೆಗೆ ಕೊಡಬೇಕು. ಹಾಗಾಗಿ ಮೈಲಾರಿ ಮಾವ ನಮಗೆ ಕೊಡುತ್ತಾನೆ. ನಾವು ಅಮ್ಮನ ಮರದ ಕಾಯಿಯನ್ನು ಬಲಗಡೆ ಮನೆಯ ಗಂಗಮ್ಮಜ್ಜಿಗೆ ಕೊಡುತ್ತೇವೆ. ಇಪ್ಪತ್ತಾರು ಮನೆಗಳೂ ಹೀಗೇ.

ಕಾಯಿಯಲ್ಲಿ ಸತ್ತವರೇ ಇರುತ್ತಾರಂತೆ. ಮೌಢ್ಯ. ತೆಂಗಿನ ಬೇರು ಮಣ್ಣಿನಿಂದ ಉಪ್ಪು, ನೀರು ಹೀರುತ್ತದೆ, ಅಷ್ಟೇ. ಅಪ್ಪನಿಗೆ ಎಷ್ಟೋ ಸಲ ಹೇಳಿದ್ದೇನೆ. "ನೀನು ಹೇಳೋದು ಸರಿ ಕಣವ್ವ" ಎನ್ನುತ್ತಾನೆ, ಅಮ್ಮನ ಮರದ ಕಾಯಿ ತೆಗೆದುಕೊಂಡು ಬಲಗಡೆಗೆ ಹೋಗುತ್ತಾನೆ. ಹೋರಾಟ ಗೆದ್ದ ಮೇಲೆ ಇಂಥವನ್ನೂ ಒಂದೊಂದಾಗಿ ಕಿತ್ತು ಹಾಕಬೇಕು.

ಫೆಬ್ರವರಿ 9, ಭಾನುವಾರ

ಇಂದು ನಮ್ಮೂರಿನ ನಿಜವಾದ ಚರಿತ್ರೆಯನ್ನು ಬರೆದುಕೊಂಡೆ.

ಪಂಚಾಯಿತಿ ಬಾಗಿಲಲ್ಲಿ ಒಂದು ಕಲ್ಲಿದೆ: ಕಡವಿನಪೇಟೆಯನ್ನು ಕಟ್ಟಿದವರು ಕೊಬ್ಬರಿ ಮಂಡಿಯ ಮರುಳಸಿದ್ದಯ್ಯನವರು. ಯೋಗೀಶಣ್ಣನ ಮುತ್ತಜ್ಜ. ಕಲ್ಲಿನಲ್ಲಿರುವುದು ಅಷ್ಟೇ. ಹೊಳೆಯ ಹೆಸರೂ ಇಲ್ಲ.

ಮೈಲಾರಿ ಮಾವ ಪಂಚಾಯಿತಿಯ ನೀರುಗಂಟಿ. ಬೆಳಿಗ್ಗೆ ವಾಲ್ವ್ ತಿರುಗಿಸಿ ನೀರು ಬಿಡುವುದು ಕೆಲಸ. ಬೀದಿಯವರ ಮರ ಹತ್ತಿ ಕಾಯಿ ಕೆಡವುವುದೂ ಅವನೇ, ಹಾಗಾಗಿ ಪ್ರತಿ ಮರವೂ ಅವನಿಗೆ ಗೊತ್ತು. ಚರಿತ್ರೆ ಬರೆಯುತ್ತೇನೆ ಮಾವ ಎಂದೆ. ಸುಣ್ಣದ ಡಬ್ಬಿ ತಂದ. ಒಂದೊಂದು ಮರಕ್ಕೂ ನಾನು ಹೇಳಿದ ನಂಬರ್ ಬರೆದ, ಒಬ್ಬೊಬ್ಬರ ಕಥೆ ಹೇಳಿದ.

ಒಂದನೇ ನಂಬರ್ ಕರಿಯಪ್ಪ. ಹರಿಗೋಲು ಹಾಕುತ್ತಿದ್ದವನು. "ಆಗ ಸೇತುವೆ ಎಲ್ಲಿತ್ತು? ಹುಳಿಯಾರು ಕಡೆ ಗಾಡಿಗಳು ಕೊಬ್ಬರಿ ತುಂಬ್ಕೊಂಡು ತಿಪಟೂರಿಗೆ ಹೋಗೋವು. ಹೊಳೆ ಬಂತಾ, ಇಲ್ಲೇ ನಿಲ್ಬೇಕು. ಒಂದಿನ, ಎಂಟು ದಿನ. ನಿಂತೋರಿಗೆ ಊಟ ಬೇಕು, ಎತ್ತಿಗೆ ಲಾಳ ಬೇಕು, ಗಾಡಿಗೆ ಹಗ್ಗ ಬೇಕು. ಹಂಗೇ ಊರಾಯ್ತು."

ನಾನು ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದೆ. ಯಾವ ಕಲ್ಲಿನ ಮೇಲೂ ಇಲ್ಲದ ಮಾತು. ನಮ್ಮೂರನ್ನು ಕಟ್ಟಿದ್ದು ಮಂಡಿಯಲ್ಲ. ದಾರಿಗೆ ಅಡ್ಡ ಬಂದು ಜನರನ್ನು ನಿಲ್ಲಿಸಿದ ಹೊಳೆ. ಅದರ ಮರಳಿನ ಗುಂಡಿಗಳಲ್ಲಿ ತೆಂಗಿನ ಸಿಪ್ಪೆ ನೆನೆಹಾಕಿ, ಬಡಿದು, ನಾರು ತೆಗೆದು, ಹುರಿ ಹೊಸೆದವರು ನಾವು.

ಆರು, ಏಳು, ಎಂಟು ಸಾಲಾಗಿ ನಿಂತಿವೆ. ಸೇತುವೆ ಕಟ್ಟುವಾಗ ಕಮಾನು ಕುಸಿದು ಹೋದ ಮೂವರು. ಅವರು ಕಟ್ಟಿದ ಸೇತುವೆಯ ಮೇಲೆ ಗಾಡಿಗಳು ನಿಲ್ಲದೆ ದಾಟಿದವು, ಊರು ಬಡವಾಯಿತು. "ಊರು ಮಲಗಿದ್ದು ಅವತ್ತೇ ಕಣವ್ವ, ಇನ್ನೂ ಎದ್ದಿಲ್ಲ" ಎಂದ ಮಾವ. ಆಮೇಲೆ ಮರಳು ಹೋಯಿತು, ಗುಂಡಿಗಳು ಒಣಗಿದವು, ನೈಲಾನ್ ಹಗ್ಗ ಬಂತು.

ಹದಿನೇಳು ಅಮ್ಮ. ಮಾವ ಆ ನಂಬರನ್ನು ಎರಡು ಸಲ ತಿದ್ದಿದ.

ಇಪ್ಪತ್ತೆರಡು ಚಿಕ್ಕಗೌರಮ್ಮ. ಗಂಗಮ್ಮಜ್ಜಿಯ ಮಗಳು. ಮೂರು ವರ್ಷದ ಮಗು, ಜ್ವರದಲ್ಲಿ ಹೋದದ್ದು. ಅದರ ಮರ ಎಲ್ಲಕ್ಕಿಂತ ಎತ್ತರ.

ಕೊನೆಯ ಮರ ನಿಂಗಮ್ಮನದು. ಮಾವ ಡಬ್ಬಿ ಕೆಳಗಿಟ್ಟ. "ಇವಳದು ಬ್ಯಾಡ ಬುಡವ್ವ."

"ಯಾಕೆ ಮಾವ?"

"ಇದ್ದಾಗ್ಲೇ ಯಾರಾದ್ರೂ ಹೆಸರಿಡಿದು ಕೂಗಿದ್ರೆ ಒಳಕ್ಕೆ ಓಡೋಗೋಳು. ಪುಸ್ತಕದಲ್ಲಿ ಹಾಕಿದ್ರೆ ನನ್ನ ಬೈತಾಳೆ."

ನಕ್ಕೆ. ನಲವತ್ತಕ್ಕೆ ನಿಲ್ಲಿಸಿದೆ.

ಫೆಬ್ರವರಿ 14, ಶುಕ್ರವಾರ

ತಾಲ್ಲೂಕು ಕಚೇರಿಗೆ ಆಕ್ಷೇಪಣೆ ಕೊಟ್ಟು ಬಂದೆ. ಹೊಳೆದಂಡೆ ಉಳಿಸಿ ವೇದಿಕೆಯ ಹೆಸರಿನಲ್ಲಿ. ವೇದಿಕೆಯಲ್ಲಿ ಸದ್ಯಕ್ಕೆ ನಾನೊಬ್ಬಳೇ. ಎಲ್ಲ ವೇದಿಕೆಗಳೂ ಒಬ್ಬರಿಂದಲೇ ಶುರುವಾಗಿವೆ.

ಜೊತೆಗೆ ಪಟ್ಟಿ ಇಟ್ಟೆ. ಮರದ ನಂಬರ್, ಹೆಸರು, ಬೀದಿಯ ಮನೆ ನಂಬರ್. ಮೇಲೆ ದಪ್ಪ ಅಕ್ಷರದಲ್ಲಿ: "ಈ ದಂಡೆಯಲ್ಲಿರುವ ನಲವತ್ತು ಜನ ಹಕ್ಕುದಾರರು."

ಪ್ರಿಂಟ್ ತೆಗೆಯುವಾಗ ಯೋಗೀಶಣ್ಣ ಓದಿದರು. "ಹೆಸರಿನ ಮುಂದೆ ದಿವಂಗತ ಅಂತ ಹಾಕಲ್ವೇನಮ್ಮ?"

"ನಮ್ಮ ಬೀದೀಲಿ ಮರ ಇರೋರನ್ನ ತೀರಿಕೊಂಡ್ರು ಅನ್ನಲ್ಲ. ಹೊಳೆ ಕಡೆ ಅವ್ರೆ ಅಂತೀವಿ. ಆ ಪದ ನಿಮ್ಮ ಕಲ್ಲುಗಳ ಮೇಲಿರಲಿ."

"ಬೀದಿಯವ್ರಿಗೆ ಹೇಳಿದ್ದೀಯ, ಇದನ್ನ ಕೊಡ್ತಿದ್ದೀನಿ ಅಂತ?"

ಹೇಳಿಲ್ಲ. ಹೇಳಿದರೆ ಹೆದರುತ್ತಾರೆ. ಸರ್ಕಾರಿ ಕಾಗದವೆಂದರೆ ಅಪ್ಪ ಈಗಲೂ ಮುಟ್ಟಲು ಹಿಂಜರಿಯುತ್ತಾನೆ. ಮೊದಲು ಗೆದ್ದು ಆಮೇಲೆ ಹೇಳಿದರಾಯಿತು. ಯಾರಾದರೂ ಒಬ್ಬರು ಮುಂದೆ ನಡೆಯಬೇಕು, ಜನ ಹಿಂದೆ ಬರುತ್ತಾರೆ.

ಗುಮಾಸ್ತ ಮುದ್ರೆ ಒತ್ತಿ ಕೊಟ್ಟ. ಆ ಮುದ್ರೆಯ ಸದ್ದು ಎಷ್ಟು ಚೆನ್ನಾಗಿತ್ತು!

ಫೆಬ್ರವರಿ 26, ಬುಧವಾರ. ಶಿವರಾತ್ರಿ

ಏನೂ ಸುದ್ದಿಯಿಲ್ಲ. ಅಂಗಡಿಗೆ ರಜೆ. ಗಂಗಮ್ಮಜ್ಜಿಗೆ ಚರಿತ್ರೆಯನ್ನು ಓದಿ ಹೇಳಿದೆ. ಕರಿಯಪ್ಪನ ಹರಿಗೋಲಿನಲ್ಲಿ ತಾನು ಮದುವೆಯಾಗಿ ಬಂದೆ ಎಂದಳು. ಅದನ್ನು ಸೇರಿಸಿಕೊಂಡೆ.

ಮಾರ್ಚ್ 11, ಮಂಗಳವಾರ

ನಲವತ್ತು ನೋಟಿಸು ಬಂದಿವೆ. ಸತ್ತವರ ಹೆಸರಿಗೆ.

"ಶ್ರೀ ಕರಿಯಪ್ಪನವರಿಗೆ: ತಾವು ಸರ್ಕಾರಿ ಹೊಳೆ ಖರಾಬು ಜಾಗವನ್ನು ಒತ್ತುವರಿ ಮಾಡಿ ಒಂದು ತೆಂಗಿನ ಮರ ಬೆಳೆಸಿರುವುದಾಗಿ ತಿಳಿದುಬಂದಿದ್ದು, ಮಾರ್ಚ್ 21ರಂದು ಖುದ್ದು ಹಾಜರಾಗಿ..."

ಅಮ್ಮನ ಹೆಸರಿಗೂ ಬಂದಿದೆ. ಅಪ್ಪ ಅದನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟ, ಮತ್ತೆ ತೆಗೆದ, ಪೆಟ್ಟಿಗೆಯಲ್ಲಿಟ್ಟ, ಮತ್ತೆ ತೆಗೆದ. ಕೊನೆಗೆ ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋದ.

ಯೋಗೀಶಣ್ಣ ನೋಟಿಸು ನೋಡಿ ಕನ್ನಡಕ ತೆಗೆದರು. "ಮೊದಲು ಅವ್ರಿಗೆ ಇದು ಸರ್ಕಾರಿ ಮರ. ಕಡಿಯೋಕೆ ಹತ್ತು ಕಡೆ ಒಪ್ಪಿಗೆ ತರಬೇಕಿತ್ತು, ವರ್ಷಗಟ್ಟಲೆ ಹಿಡೀತಿತ್ತು. ಈಗ ನಲವತ್ತು ಜನ ಇದು ನಮ್ದು ಅಂದ್ರು, ನೀನೇ ಬರ್ಕೊಟ್ಟೆ. ಒತ್ತುವರಿ ಅಂದ್ಮೇಲೆ ತಿಂಗಳ ಕೆಲಸ."

ಮುಂದಿನ ಗಿರಾಕಿಯ ಆಧಾರ್ ಕಾರ್ಡನ್ನು ತಲೆಕೆಳಗಾಗಿ ಇಟ್ಟು ಆರು ಪ್ರತಿ ತೆಗೆದೆ.

ಮಾರ್ಚ್ 12, ಬುಧವಾರ

ನೋಟಿಸುಗಳನ್ನೆಲ್ಲ ತಾಲ್ಲೂಕು ಕಚೇರಿ ಮುಂದೆ ಸುಡಬೇಕು. ಮನೆಮನೆಗೆ ಹೋಗಿ ಕೇಳಿದೆ. ಕೆಲವರು ಕೊಟ್ಟರು.

ಗಂಗಮ್ಮಜ್ಜಿ ಕೊಡಲಿಲ್ಲ. ಅರಿಶಿನದ ಡಬ್ಬಿಯ ಕೆಳಗೆ ಮಡಿಸಿ ಇಟ್ಟಿದ್ದಳು. "ಓದವ್ವ ಇನ್ನೊಂದು ಸಲ" ಎಂದಳು. ಓದಿದೆ. ಶ್ರೀಮತಿ ಚಿಕ್ಕಗೌರಮ್ಮನವರಿಗೆ.

"ಶ್ರೀಮತಿ ಅಂತ ಬರ್ದವ್ರಾ?"

"ಹೂಂ ಅಜ್ಜಿ."

"ನೋಡ್ದಾ. ಮದುವೆನೂ ಮಾಡಿಬಿಟ್ಟವ್ರೆ ಸರ್ಕಾರದವ್ರು." ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಕಾಗದದ ಮೇಲೆ ಬೆರಳಿಟ್ಟು, ಹೆಸರು ಯಾವ ಸಾಲಿನಲ್ಲಿದೆ ಎಂದು ಕೇಳಿದಳು. ತೋರಿಸಿದೆ. "ಅದು ಹುಟ್ಟಿದ್ದೂ ಯಾರೂ ಬರ್ಕೊಳ್ಳಿಲ್ಲ, ಹೋಗಿದ್ದೂ ಬರ್ಕೊಳ್ಳಿಲ್ಲ. ಐವತ್ತು ವರ್ಷ ಆದ್ಮೇಲೆ ಇದೊಂದು ಬಂತು. ಸುಡಾಕೆ ಕೊಡಲ್ಲ ಕಣೇ."

ಇದು ಒತ್ತುವರಿ ನೋಟಿಸು, ಇದು ಅವಮಾನ ಎಂದು ವಿವರಿಸಬೇಕಿತ್ತು. ವಿವರಿಸಲಿಲ್ಲ. ಆ ಸಾಲಿಗೆ ಅವಳು ಹೇಳಿದಂತೆ ಪೆನ್ಸಿಲಿನಿಂದ ಗುರುತು ಹಾಕಿ ಕೊಟ್ಟೆ.

ಮಾರ್ಚ್ 16, ಭಾನುವಾರ

ಬೀದಿಯಲ್ಲಿ ಒಂದು ಮಾತು ಓಡಾಡುತ್ತಿದೆ. ಮೈಲಾರಿ ಮಾವನಿಗೆ ಮಾತ್ರ ನೋಟಿಸು ಬಂದಿಲ್ಲ.

ಕೊಳಾಯಿ ಹತ್ತಿರ ಕೇಳಿಸಿಕೊಂಡೆ. "ಸುಣ್ಣ ಹಿಡ್ಕೊಂಡು ನಂಬರ್ ಹಾಕಿದ್ದು ಯಾರು? ಸಂಬಳ ಕೊಡೋರು ಯಾರು ಅವನಿಗೆ? ಪಂಚಾಯ್ತಿಯೋರೇ ಅಲ್ವಾ?"

"ಗೋವಿಂದಯ್ಯನ ಮಗಳೂ ಜೊತೇಲಿದ್ಳಲ್ಲ?"

"ಅವಳು ಪುಸ್ತಕಕ್ಕೆ ಕತೆ ಬರ್ಕೊಂಡ್ಳು. ಸ್ವಂತ ಅವ್ವನ್ನ ಯಾವಳಾದ್ರೂ ಹಿಡ್ಕೊಟ್ಟಾಳಾ?"

ಬಿಂದಿಗೆ ತುಂಬಿ ಚೆಲ್ಲುತ್ತಿತ್ತು. ಎತ್ತಿಕೊಂಡು ಬಂದೆ.

ಈಗ ಹೇಳುವುದು ಸರಿಯಲ್ಲ. ಶುಕ್ರವಾರ ವಿಚಾರಣೆ. ಅಲ್ಲಿ ಬೀದಿಯ ಪರವಾಗಿ ಮಾತಾಡುವವಳು ನಾನೊಬ್ಬಳೇ. ಜನ ನನ್ನನ್ನು ನಂಬದಿದ್ದರೆ ಹೋರಾಟವೇ ನಿಲ್ಲುತ್ತದೆ. ಇದು ನನ್ನೊಬ್ಬಳ ಪ್ರಶ್ನೆಯಲ್ಲ, ನಲವತ್ತು ಮರಗಳ ಪ್ರಶ್ನೆ. ವಿಚಾರಣೆ ಮುಗಿದ ತಕ್ಷಣ ಹೇಳುತ್ತೇನೆ.

ಮಾರ್ಚ್ 21, ಶುಕ್ರವಾರ

ಎರಡು ಆಟೋ, ಒಂದು ಟೆಂಪೊ ಮಾಡಿಕೊಂಡು ಬೀದಿಯೇ ಹೋಯಿತು. ಮೈಲಾರಿ ಮಾವನನ್ನು ಯಾರೂ ಕರೆಯಲಿಲ್ಲ.

ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗಿದ. "ಕರಿಯಪ್ಪ! ಕರಿಯಪ್ಪ ಹಾಜರಿದ್ದಾರಾ?" ಅವನು ಮೂರು ಸಲ ಕೂಗಿದ. ಮೂರು ಸಲವೂ ನಮ್ಮವರು ತಲೆ ತಗ್ಗಿಸಿದರು. ಸೇತುವೆಯ ಮೂವರನ್ನು ಕೂಗಿದ. ಪುಷ್ಪಲತಾ ಎಂದು ಕೂಗಿದ. ಅಪ್ಪ ಎದ್ದು ನಿಂತ. ಏನು ಹೇಳಬೇಕೆಂದು ತಿಳಿಯದೆ ಮತ್ತೆ ಕೂತ.

"ಚಿಕ್ಕಗೌರಮ್ಮ!"

ಗಂಗಮ್ಮಜ್ಜಿ ಕೈ ಮುಗಿದಳು. "ಬಂದಿಲ್ಲ ಸ್ವಾಮಿ. ಮೂರು ವರ್ಷದ ಮಗು. ಇಷ್ಟು ದೂರ ನಡೆಯಲ್ಲ ಅದು."

ಅಧಿಕಾರಿ ತಲೆಯೆತ್ತಿದರು. ಕೆಟ್ಟವರಲ್ಲ, ದಣಿದಿದ್ದರು. ಎಲ್ಲರೂ ಸತ್ತವರೇ ಎಂದು ನಾನು ಹೇಳಿದೆ. "ಹಾಗಾದರೆ ವಾರಸುದಾರರು ಎಂದು ಬರೆದುಕೊಳ್ಳುತ್ತೇವೆ. ಜಾಗ ಸರ್ಕಾರದ್ದು ಎಂಬುದರಲ್ಲಿ ತಕರಾರು ಇದೆಯಾ? ಕಾಗದ ಇದೆಯಾ?" ಇಲ್ಲ. "ಈ ಪಟ್ಟಿ ಎಲ್ಲಿಂದ ಬಂತು ಸ್ವಾಮಿ?" ಎಂದು ಅಪ್ಪ ಕೇಳಿದ. ಅಪ್ಪ ಜೀವಮಾನದಲ್ಲಿ ಒಬ್ಬ ಅಧಿಕಾರಿಯನ್ನು ಏನಾದರೂ ಕೇಳಿದ್ದು ಇದೇ ಮೊದಲು.

"ನಿಮ್ಮವರೇ ಕೊಟ್ಟಿದ್ದು. ಯಾವುದೋ ವೇದಿಕೆ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಮುಖವನ್ನೂ ನೋಡಿದರು. ನೋಡಿ ಮುಂದೆ ಹೋದರು.

ನಾನು ಆಗ ಹೇಳಬಹುದಿತ್ತು. ಬಾಯಿ ತೆರೆದೆ. "ನಾವು ಮೇಲ್ಮನವಿ ಹಾಕುತ್ತೇವೆ" ಎಂದೆ.

ಮಾರ್ಚ್ 30, ಭಾನುವಾರ. ಯುಗಾದಿ

ಬೆಳಿಗ್ಗೆ ಮೈಲಾರಿ ಮಾವ ನಾಲ್ಕು ಕಾಯಿ ಸುಲಿದು ತಂದ. ಹಬ್ಬಕ್ಕೆ ಯಾವಾಗಲೂ ತರುತ್ತಾನೆ. ಎಣ್ಣೆ ಹಚ್ಚಿ ಸ್ನಾನ ಮಾಡಿದ್ದ, ಒಗೆದ ಅಂಗಿ.

ಅಪ್ಪ ಬಾಗಿಲಲ್ಲಿ ಅಡ್ಡ ನಿಂತ. "ಬ್ಯಾಡ ಮೈಲಾರಿ."

"ನಿಂಗಮ್ಮನವು ಕಣಪ್ಪ."

"ಗೊತ್ತು. ಬ್ಯಾಡ."

ಮಾವ ಅಪ್ಪನ ಭುಜದ ಪಕ್ಕದಿಂದ ಒಳಗೆ ನೋಡಿದ. ನಾನು ಹೂರಣ ರುಬ್ಬುತ್ತಿದ್ದೆ. ಕಣ್ಣು ಕಣ್ಣು ಸೇರಿತು. ಕಾಯಿಗಳನ್ನು ಎರಡೆರಡಾಗಿ ಜುಟ್ಟು ಹಿಡಿದುಕೊಂಡು ವಾಪಸ್ ಹೋದ.

ಅವನು ಅವನ್ನು ತಿನ್ನುವಂತಿಲ್ಲ. ಮಾರುವಂತಿಲ್ಲ. ನಾವು ಬೇಡವೆಂದರೆ ಅವು ಎಲ್ಲಿಗೂ ಹೋಗುವಂತಿಲ್ಲ. ಅವನ ಮನೆಯ ಗೋಡೆಗೆ ಒರಗಿಸಿದ, ಈ ತಿಂಗಳು ನಮಗೆ ಕೊಡಲಾಗದೆ ಉಳಿದ ಕಾಯಿಗಳೂ ಇವೆ, ನಾನು ಗಮನಿಸಿರಲಿಲ್ಲ. ಎರಡರಲ್ಲಿ ಮೊಳಕೆ ಬಂದಿದೆ.

ಅಂಗಡಿಯ ಕಾಯಿಯಲ್ಲಿ ಹೋಳಿಗೆ ಮಾಡಿದೆ. ಅಪ್ಪ ಅರ್ಧ ತಿಂದು ಎದ್ದ.

ಏಪ್ರಿಲ್ 2, ಬುಧವಾರ

ಮೇಲ್ಮನವಿ ಬರೆಯಲು ಕೂತೆ. ಅರ್ಧ ಪುಟ.

ಏಪ್ರಿಲ್ 7, ಸೋಮವಾರ

ಕಡಿದರು.

ಏಪ್ರಿಲ್ 9, ಬುಧವಾರ

ಮೊನ್ನೆಯದನ್ನು ಬರೆದಿಡಬೇಕು.

ಬೆಳಿಗ್ಗೆ ಏಳೂವರೆಗೆ ಬಂದರು. ಹನ್ನೆರಡು ಆಳು, ಎರಡು ಟ್ರ್ಯಾಕ್ಟರ್, ಮೋಟಾರು ಗರಗಸ. ನಾವು ಎಲ್ಲರೂ ಹೋಗಿ ನಿಂತೆವು. ನಾನು ಕರಿಯಪ್ಪನ ಮರವನ್ನು ತಬ್ಬಿ ನಿಂತೆ. ಇಬ್ಬರು ಮಹಿಳಾ ಪೊಲೀಸರು ಬಂದು ಬಿಡಿಸಿದರು. ಒಬ್ಬಾಕೆ ನನ್ನ ಕಿವಿಯ ಹತ್ತಿರ "ಬಾರಮ್ಮ, ಕೈ ತರಚ್ಕೊಂಡಿದ್ದೀಯ" ಎಂದಳು. ನಾನು ಕೂಗಬೇಕೆಂದಿದ್ದ ಘೋಷಣೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಮರ ಬೀಳುವಾಗ ಮೊದಲು ಸದ್ದೇ ಇಲ್ಲ. ತಲೆ ಸ್ವಲ್ಪ ಅಲ್ಲಾಡುತ್ತದೆ, ಯಾರೋ ಕರೆದರೆ ತಿರುಗುವಂತೆ. ಆಮೇಲೆ ನೆಲ ನಡುಗುತ್ತದೆ. ನಲವತ್ತು ಸಲ ನಡುಗಿತು.

ಮಧ್ಯಾಹ್ನ ಆಳುಗಳು ಬಿದ್ದ ಮರಗಳ ತಲೆ ಸೀಳಿ ಬಿಳಿಯ ಸುಳಿ ತೆಗೆದು ತಿನ್ನುತ್ತಿದ್ದರು. ಒಬ್ಬ ನನಗೂ ಒಂದು ತುಂಡು ಚಾಚಿದ. "ತಗೊಳ್ಳಕ್ಕ, ಸಿಹಿ ಐತೆ. ಬೆಳಗಿಂದ ಏನೂ ತಿಂದಿಲ್ಲ ನೀನು."

"ಯಾವ ನಂಬರಿನದು?"

ಅವನು ಬಗ್ಗಿ ಕಾಂಡದ ಮೇಲಿನ ಸುಣ್ಣವನ್ನು ನೋಡಿದ. "ಹದಿನೇಳು."

ತೆಗೆದುಕೊಂಡೆ. ತಣ್ಣಗಿತ್ತು. ಅಂಗೈಯಲ್ಲಿ ಹಿಡಿದು ದಂಡೆ ಹತ್ತಿ, ಗಂಗಮ್ಮಜ್ಜಿ ಕೂತಿದ್ದಲ್ಲಿಗೆ ಹೋಗಿ ಅವಳ ಮಡಿಲಿಗೆ ಹಾಕಿದೆ. ಅವಳು ನನ್ನ ಮುಖ ನೋಡಿ ಯಾರದೆಂದು ತಿಳಿದುಕೊಂಡಳು. ಸಣ್ಣಗೆ ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದಳು.

ಸಂಜೆ ಐದಕ್ಕೆ ಒಂದೇ ಮರ ನಿಂತಿತ್ತು. ನಿಂಗಮ್ಮನದು. ಮೇಸ್ತ್ರಿ ಸುತ್ತ ಬಂದು ನೋಡಿದ. "ಇದಕ್ಕೆ ನಂಬರಿಲ್ಲ. ಪಟ್ಟಿಯಲ್ಲೂ ಇಲ್ಲ. ನಂಬರಿರೋದು ಮಾತ್ರ ಅಂತ ಆರ್ಡರು" ಎಂದು ಗರಗಸ ಆರಿಸಿ ಟ್ರ್ಯಾಕ್ಟರಿಗೆ ಹಾಕಿಸಿದ.

ಎಲ್ಲರೂ ಆ ಮರವನ್ನು ನೋಡಿದರು, ದೂರದಲ್ಲಿ ವಾಲ್ವ್ ಮನೆಯ ಹತ್ತಿರ ನಿಂತಿದ್ದ ಮೈಲಾರಿ ಮಾವನನ್ನು ನೋಡಿದರು. ಆಮೇಲೆ ಯಾರೋ ಒಬ್ಬರು ಉಗುಳಿದರು. ಯಾರೆಂದು ಬರೆಯುವುದಿಲ್ಲ. ನನಗೆ ಬೇಕಾದವರು.

ಏಪ್ರಿಲ್ 12, ಶನಿವಾರ

ಕಿಟಕಿಯಿಂದ ಮೊದಲು ಹೊಳೆ ಕಾಣುತ್ತಿರಲಿಲ್ಲ. ಈಗ ಆಚೆ ದಡದವರೆಗೂ ಕಾಣುತ್ತದೆ.

ಏಪ್ರಿಲ್ 15, ಮಂಗಳವಾರ

ಯೋಗೀಶಣ್ಣ ಇವತ್ತು ನನ್ನ ಮೇಜಿನ ಮೇಲೆ ಟೀ ಇಟ್ಟು ಅಲ್ಲೇ ನಿಂತರು. "ನನಗೆ ಗೊತ್ತು, ನಿನಗೆ ಗೊತ್ತು. ಮೈಲಾರಿಗೂ ಗೊತ್ತಿರಬೇಕಲ್ಲ ಮೋನಿಕಾ? ಹೆಸರು ಹೇಳ್ಕೊಟ್ಟಿದ್ದು ಅವನೇ ತಾನೆ?"

ಗೊತ್ತಿರಬೇಕು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಯುಗಾದಿಯ ಬೆಳಿಗ್ಗೆಯಿಂದ ಅದೊಂದನ್ನೇ ಯೋಚಿಸುತ್ತಿದ್ದೇನೆ.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ವಾಲ್ವ್ ಮನೆಗೆ ಹೋದೆ. ಮಾವ ಮೆಟ್ಟಿಲ ಮೇಲೆ ಕೂತು ಕೊಡಲಿ ಮಸೆಯುತ್ತಿದ್ದ. ಪಕ್ಕದಲ್ಲಿ ನೀರಿನ ಲೋಟ. ಗಡ್ಡ ಬೆಳೆದಿದೆ, ಕುತ್ತಿಗೆ ಸಣ್ಣಗಾಗಿದೆ.

"ಬಾರವ್ವ, ಕೂತ್ಕೋ" ಎಂದು ಸರಿದು ಜಾಗ ಕೊಟ್ಟ.

"ಕೊಡಲಿ ಯಾಕೆ ಮಾವ?"

"ಭಾನುವಾರ ಅವಳ ಮರ ಕಡಿತೀನಿ. ಬೆಳಗಿನ ನೀರು ಬಿಟ್ಟು, ಏಳು ಗಂಟೆಗೆ."

"ಯಾಕೆ?"

"ಎಲ್ಲಾ ಹೋದ್ಮೇಲೆ ಒಂದು ನಿಂತ್ರೆ ಅದು ಮರ ಅಲ್ಲ ಕಣವ್ವ, ಚಾಡಿ. ದಿನಾ ಬೆಳಗಾಗೆದ್ದು ಬೀದಿಯೋರಿಗೆಲ್ಲ ನನ್ನ ಮೇಲೆ ಚಾಡಿ ಹೇಳ್ತದೆ. ನಾನು ಇಲ್ಲೇ ಬಾಳ್ಬೇಕಲ್ಲ." ಅಲಗಿನ ಮೇಲೆ ನೀರು ಚಿಮುಕಿಸಿದ. "ಅವಳಿಗೂ ಒಬ್ಬಳೇ ನಿಲ್ಲೋಕೆ ನಾಚಿಕೆ ಆಯ್ತದೆ. ಎಲ್ರೂ ಅವಳನ್ನೇ ನೋಡ್ತಾರೆ."

ನಾನು ಅಳಬಾರದೆಂದು ವಾಲ್ವಿನ ಚಕ್ರವನ್ನು ನೋಡುತ್ತಾ ಕೂತೆ. ಆಮೇಲೆ ಕೇಳಿದೆ. "ಪಟ್ಟಿ ಕೊಟ್ಟಿದ್ದು ನಾನು ಅಂತ ನಿಂಗೆ ಗೊತ್ತಿತ್ತು."

"ನೋಟಿಸು ಬಂದ ದಿನಾನೇ."

"ಯಾಕೆ ಹೇಳ್ಳಿಲ್ಲ? ಒಂದು ಮಾತು ಹೇಳಿದ್ರೆ ಸಾಕಿತ್ತು. ಅಪ್ಪನಿಗೆ, ಅಜ್ಜಿಗೆ..."

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎದುರು ಮಾತಾಡಬಹುದಿತ್ತು. ಎದ್ದು, "ಎಂಟಕ್ಕೆ ಮೇಲಿನ ಬೀದಿ ನೀರು ಬುಡ್ಬೇಕು, ಬತ್ತೀನಿ" ಎಂದು ಚಾವಿ ತೆಗೆದುಕೊಂಡು ಹೋದ. ಕೊಡಲಿ ಮೆಟ್ಟಿಲ ಮೇಲೇ ಇತ್ತು. ಒಯ್ದು ಬಚ್ಚಿಡಬೇಕೆನಿಸಿತು. ಬಚ್ಚಿಟ್ಟರೆ ಇನ್ನೊಂದನ್ನು ತರುತ್ತಾನೆ.

ಏಪ್ರಿಲ್ 18, ಶುಕ್ರವಾರ

ಮೊದಲು ಅಪ್ಪನಿಗೆ ಹೇಳಿದೆ. ಅವನು ಕಾಫಿ ಕುಡಿಯುತ್ತಿದ್ದ. ಎಲ್ಲ ಹೇಳಿದೆ: ಪಟ್ಟಿ, ವೇದಿಕೆ, ಮುದ್ರೆ, ಕಚೇರಿಯಲ್ಲಿ ಬಾಯಿ ತೆರೆದು ಬೇರೇನೋ ಹೇಳಿದ್ದು. ಅಪ್ಪ ಬೈಯುತ್ತಾನೆ ಅಂದುಕೊಂಡಿದ್ದೆ. ಲೋಟ ಕೆಳಗಿಟ್ಟು, "ನಾನು ನಿಂಗಮ್ಮನ ಕಾಯಿ ವಾಪಸ್ ಕಳಿಸಿದೆ" ಎಂದ. ಅದನ್ನೇ ಎರಡು ಸಲ ಹೇಳಿದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಅವನ ಬೆನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದೆ. ಅಪ್ಪ ಯಾವಾಗ ಇಷ್ಟು ಮುದುಕನಾದ?

ಒಂದು ಕಾಗದ ಟೈಪ್ ಮಾಡಿ ಮನೆಮನೆಗೆ ಹಂಚೋಣವೆಂದು ಅಂಗಡಿಗೆ ಹೋದೆ. "ಬೀದಿಯ ಬಂಧುಗಳೇ" ಎಂದು ಬರೆದೆ, ಅಳಿಸಿದೆ. ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಓದಲು ಬರುವುದಿಲ್ಲ. ಅವರು ನನ್ನ ಬಾಯಿಂದ ಕೇಳಬೇಕು, ನನ್ನ ಮುಖ ನೋಡುತ್ತಾ ಕೇಳಬೇಕು. ಯೋಗೀಶಣ್ಣನಿಗೆ ರಜೆ ಹೇಳಿ ಬಂದೆ.

ಇಪ್ಪತ್ತಾರು ಮನೆಗಳಲ್ಲಿ ನಮ್ಮದು, ಮಾವನದು ಬಿಟ್ಟು ಇಪ್ಪತ್ನಾಲ್ಕಕ್ಕೂ ಹೋದೆ. ಪಟ್ಟಿ ಯಾರು ಕೊಟ್ಟರೆಂದು ಹೇಳುತ್ತೇನೆ, ಭಾನುವಾರ ಬೆಳಿಗ್ಗೆ ಬೇಗ ಬನ್ನಿ ಎಂದೆ.

"ಗೊತ್ತಿರೋದೇ ಅಲ್ವೇನೆ ಅದು?" ಎಂದರು ಮೂರ್ನಾಲ್ಕು ಮನೆಯಲ್ಲಿ.

"ಗೊತ್ತಿಲ್ಲ ನಿಮ್ಗೆ. ಬನ್ನಿ."

ಕೊನೆಗೆ ಗಂಗಮ್ಮಜ್ಜಿ. ಬಾಗಿಲಲ್ಲೇ ಕೂತಿದ್ದಳು, ಬೋಳು ದಂಡೆಯ ಕಡೆ ಮುಖ ಮಾಡಿ.

"ಅಷ್ಟೊತ್ಗೆ ಬೆಳಕೇ ಹರಿದಿರಲ್ವಲ್ಲೆ?"

"ಹರಿದಿರ್ತದೆ ಅಜ್ಜಿ."

"ಎಲ್ರೂ ಬತ್ತಾರಾ?"

"ಗೊತ್ತಿಲ್ಲ."

"ಬಂದು ನಿನ್ನ ಹೊಡೆದ್ರೆ?" ಎಂದಳು. ಪಟ್ಟಿ ಕೊಟ್ಟವಳು ನಾನೆಂದು ಅವಳಿಗೆ ಇನ್ನೂ ಹೇಳಿರಲಿಲ್ಲ. ಅವಳು ನನ್ನ ತರಚಿದ ಕೈಯನ್ನು ಎಳೆದು ಅಂಗೈ ತಿರುಗಿಸಿ ನೋಡಿ ಬಿಟ್ಟಳು. "ನನ್ನ ಕರ್ಕೊಂಡೋಗು. ಇಳಿಜಾರಲ್ಲಿ ಕಾಲು ನಿಲ್ಲಲ್ಲ ನಂಗೆ."

ಮಾವ ಕೊಡಲಿ ತೆಗೆದುಕೊಂಡು ಬರುವುದು ಏಳಕ್ಕೆ. ಅದಕ್ಕೆ ಒಂದು ಗಂಟೆ ಮುಂಚೆ ಬರಲು ಎಲ್ಲರಿಗೂ ಹೇಳಿದ್ದೇನೆ. ನಾಡಿದ್ದು ಭಾನುವಾರ, ಬೆಳಿಗ್ಗೆ ಆರು ಗಂಟೆಗೆ, ನಿಂಗಮ್ಮನ ಮರದ ಕೆಳಗೆ.